ಕತ್ತಲೆ ಕೋಣೆಯ ಟ್ಯೂಬ್‌ಲೈಟು

ಆ ಕತ್ತಲೆ ಕೋಣೆಯಲ್ಲಿ ಟ್ಯೂಬ್‌ಲೈಟು ಹಾಕಿದವನು ನಾನು, ಗಿರಿಜಾ. ಹಾಕಿ, ಆರಿಸದೆ ಹೋದವನೂ ನಾನೇ. ಆಮೇಲೆ ನಮ್ಮ ಗೈಡ್ ಸರ್ ಕೇಳಿದಾಗ ನಿನ್ನ ಎದುರಿಗೇ ಸುಳ್ಳು ಹೇಳಿದೆ. ಇಷ್ಟನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು — ಥೂ ನನ್ನ ಜನ್ಮಕ್ಕೆ.

ನಿನಗೆ ಗೊತ್ತಿರುವುದೇ, ಆದರೂ ನನ್ನ ಬಾಯಿಂದಲೇ ಬರಲಿ. ತುಮಕೂರಿನಲ್ಲಿ ನಾವಿಬ್ಬರೂ ಒಬ್ಬರೇ ಗೈಡ್ ಹತ್ತಿರ ಪಿಎಚ್.ಡಿ.ಗೆ ಸೇರಿದ್ದೆವು. ಹಾಗಲವಾಡಿಯ ನಿಮ್ಮ ಹಿತ್ತಲಿನಿಂದ ನೀನು ಕಾಡುಬಸಳೆ ತಂದಿದ್ದೆ — ಎಲೆಯ ಅಂಚಿನಲ್ಲೇ ಮರಿ ಹುಟ್ಟುತ್ತದಲ್ಲ, ಅದೇ ಗಿಡ. ರಾತ್ರಿಯೆಲ್ಲ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಬೆಳಗಿನ ಹೊತ್ತಿಗೆ ಹುಳಿಯಾಗುವ, ಸಂಜೆಗೆ ಸಪ್ಪೆಯಾಗುವ ಎಲೆ. ನಾವೆಲ್ಲ ಎಲೆ ಕಿತ್ತು, ಅರೆದು, ಹುಳಿ ಅಳೆಯುತ್ತಿದ್ದರೆ ನೀನು ಒಪ್ಪಲಿಲ್ಲ. 'ಕಿತ್ತಮೇಲೆ ಅದು ಏನ್ ಮಾಡ್ತಿತ್ತು ಅಂತ ಯಾರ್ನ ಕೇಳ್ತೀಯೋ?' ಎಂದಿದ್ದೆ. ಗಿಡದಲ್ಲಿದ್ದ ಹಾಗೇ ಎಲೆಯನ್ನು ಗಾಜಿನ ಡಬ್ಬಿಯೊಳಗೆ ಇಳಿಸಿ, ಆ ಡಬ್ಬಿಯ ಗಾಳಿಯನ್ನು ಸಣ್ಣ ಕೊಳವೆಯಲ್ಲಿ ಕೋಣೆಯ ಹೊರಗಿದ್ದ, ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರಿಗೆ ತಂದೆ. ನಿನ್ನ ಪ್ರಶ್ನೆ ಒಂದೇ: ಬಿಸಿಲನ್ನೇ ಕಾಣದಿದ್ದರೂ ಎಲೆಗೆ ಹೊತ್ತು ಗೊತ್ತಾಗುತ್ತದೆಯೇ? ಅದಕ್ಕೆ ದಿನಗಟ್ಟಲೆ ಅಪ್ಪಟ ಕತ್ತಲೆ ಬೇಕು. ನಡುವೆ ಬೆಳಕು ಬಿತ್ತೆಂದರೆ ಎಲೆ ತನ್ನ ಹಗಲು ರಾತ್ರಿಗಳನ್ನೇ ಬದಲಿಸಿಕೊಂಡುಬಿಡುತ್ತದೆ. ಸಂದುಗೊಂದು ಬಿಡದೆ ಬಾಗಿಲಿಗೆ ಕರಿ ಬಟ್ಟೆ ಕಟ್ಟಿದ್ದೆ ನೀನು.

ಅಷ್ಟರಲ್ಲಿ ನಿನ್ನ ಅಮ್ಮನಿಗೆ ಹುಷಾರಿಲ್ಲ ಎಂದು ನೀನು ಊರಿಗೆ ಹೊರಟೆ. 'ನೀನಿದೀಯಲ್ಲ, ನಂಗೆ ಯೋಚ್ನೆ ಇಲ್ಲ ಬಿಡು' ಎಂದು ಹೇಳಿ ಹೋದೆ.

ಮಾರನೆಯ ದಿನ ಗುಬ್ಬಿಯಲ್ಲಿ ಗೆಳೆಯನ ಗೃಹಪ್ರವೇಶ. ಹೊರಡುವಾಗ ನೋಡಿದರೆ ಬೈಕ್ ಕೀ ಇಲ್ಲ — ನಿನ್ನ ಕುಂಡ ಎತ್ತಿಡುವಾಗ ನಾನೇ ಆ ಕೋಣೆಯೊಳಗೆ ಬಿಟ್ಟಿದ್ದೆ. ಬಸ್ಸಿನಲ್ಲಿ ಹೋಗಬಹುದಿತ್ತು. ಹೋಗಲಿಲ್ಲ. ಬಾಗಿಲಿನ ಕರಿ ಬಟ್ಟೆ ಸಡಿಲಿಸಿ ಒಳಗೆ ನುಗ್ಗಿದೆ, ಕೈಯಲ್ಲಿ ತಡಕಿದೆ, ಸಿಗಲಿಲ್ಲ, ಸ್ವಿಚ್ ಒತ್ತಿದೆ. ಕೀ ಸಿಕ್ಕಿದ್ದೇ ತಡ, ಬಾಗಿಲು ಎಳೆದುಕೊಂಡು ಓಡಿದೆ. ಸಂಜೆ ಹೋಳಿಗೆ ಊಟ ಮುಗಿಸಿ ಬಂದು ನೋಡುತ್ತೇನೆ — ಬಟ್ಟೆಯ ಕೆಳಗೆ ಬೆಳಕಿನ ಗೆರೆ.

ಲೈಟು ಆರಿಸಿ, ಬಟ್ಟೆಯನ್ನು ನೀನು ಕಟ್ಟಿದಂತೆಯೇ ಕಟ್ಟಿ, ಕುರ್ಚಿಯಲ್ಲಿ ಕೂತೆ. ಫೋನು ಕೈಯಲ್ಲೇ ಇತ್ತು. ಒಂದು ಮಾತು ಹೇಳಿದ್ದರೆ ನೀನು ನನ್ನನ್ನು ಬೈದು, ಮೊದಲಿನಿಂದ ಶುರು ಮಾಡುತ್ತಿದ್ದೆ, ಅಷ್ಟೇ. ಆ ಬೈಗುಳಕ್ಕೆ ಹೆದರಿದೆನೋ, ಇಲ್ಲಾ ಸರ್ ದಿನಾ ನಿನ್ನನ್ನೇ ಹೊಗಳುವುದು ನನ್ನ ಹೊಟ್ಟೆ ಉರಿಸುತ್ತಿತ್ತೋ — ಎರಡೂ ಇದ್ದೀತು.

ನೀನು ಊರಿಂದ ಬಂದು ತೆಗೆದ ಗ್ರಾಫಿನಲ್ಲಿ ಆ ದಿನದಿಂದ ಎಲೆಯ ಹಗಲು ರಾತ್ರಿಯ ಅಲೆ ಪಕ್ಕಕ್ಕೆ ಸರಿದಿತ್ತು. ಸರ್ ಅದರ ಮೇಲೆ ಬೆರಳಿಟ್ಟರು. 'ಲೈಟ್ ಬೀಳದೆ ಹೀಗೆ ಬರಲ್ಲಮ್ಮ. ಇಲ್ಲಾ ಅಂದ್ರೆ ನೀನೇ ನಂಬರ್ ತಿದ್ದಿದೀಯ.' ಅವರು ನನ್ನತ್ತ ತಿರುಗಿದರು. 'ಒಳಗೆ ಯಾರಾದ್ರೂ ಹೋಗಿದ್ರೇನಪ್ಪ?'

'ಇಲ್ಲ ಸರ್. ನಾನು ಇಲ್ಲಿಂದ ಕದಲೇ ಇಲ್ಲ.'

ಅವರಿಗೆ ನಿನ್ನ ಮೇಲಿದ್ದ ನಂಬಿಕೆ ಅಲ್ಲಿಗೇ ಹೋಯಿತು. ಮೀಟರು ನನ್ನ ಮೇಜಿಗೆ ಬಂತು, ನೀನು ಮಾಡಿದ ಗಾಜಿನ ಡಬ್ಬಿಯ ಸಮೇತ. ಅದರಲ್ಲೇ ನಾನು ಡಾಕ್ಟರ್ ಆದೆ. ನೀನು ಅರ್ಧಕ್ಕೇ ಬಿಟ್ಟು ಕುಣಿಗಲ್ಲಿನ ಹೈಸ್ಕೂಲಿಗೆ ಟೀಚರಾಗಿ ಹೋದೆ.

ಹೋದ ತಿಂಗಳು ನಿಮ್ಮ ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಅತಿಥಿಯಾಗಿ ನನ್ನನ್ನೇ ಕರೆದೆಯಲ್ಲ! ಬೀರುವಿನೊಳಗೆ ಕಾಡುಬಸಳೆ, ಬಾಗಿಲಿಗೆ ಕರಿ ಬಟ್ಟೆ. ನೀನು ಮಕ್ಕಳಿಗೆ ಹೇಳುತ್ತಿದ್ದೆ — 'ನೋಡ್ಕೊಂಡು ಕಟ್ರಪ್ಪ. ನಾನು ಒಂದ್ಸಲ ಸರಿಯಾಗಿ ಕಟ್ಟದೆ ಎಲ್ಲಾ ಹಾಳು ಮಾಡ್ಕೊಂಡೆ. ಪಾಪ, ಈ ಸರ್ ನಂಗೋಸ್ಕರ ಅಲ್ಲಾಡದೆ ಕಾವಲು ಕೂತಿದ್ರು.' ನಗುತ್ತಲೇ ಹೇಳಿದೆ. ನಾನು ಟೀ ಕುಡಿಯುತ್ತಾ ನಿಂತಿದ್ದೆ. ನನ್ನನ್ನು ಬೈದುಕೊಂಡಿರುತ್ತೀಯ ಅಂದುಕೊಂಡಿದ್ದೆ. ನೀನು ನೋಡಿದರೆ ಇಷ್ಟು ವರ್ಷ ನಿನ್ನ ಕೈಯನ್ನೇ ಅನುಮಾನಿಸಿಕೊಂಡು...

ಮೊನ್ನೆ ಬಟವಾಡಿಯಲ್ಲಿರುವ ಸರ್ ಮನೆಗೆ ಹೋಗಿ ಅವರಿಗೆ ಎಲ್ಲ ಹೇಳಿದೆ. 'ಅವಳಿಗೆ ಹೇಳಿದ್ಯಾ?' ಎಂದರು. ಇಲ್ಲ ಎಂದೆ. 'ಮತ್ತೆ ಇಲ್ಲಿಗ್ಯಾಕೆ ಬಂದೆ? ಎದ್ದು ಹೋಗು.'

ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ. ಸೋಮವಾರ ಕುಣಿಗಲ್ಲಿಗೆ ಬರುತ್ತೇನೆ. ಕ್ಷಮಿಸು ಎನ್ನಲು ಅಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ನಿನ್ನ ಮಕ್ಕಳ ಮುಂದೆ ನಿಂತು ಒಂದು ಮಾತು ಹೇಳಬೇಕು: ನಿಮ್ಮ ಮಿಸ್ ಬಟ್ಟೆಯನ್ನು ಸರಿಯಾಗೇ ಕಟ್ಟಿದ್ದರು. ಬಿಚ್ಚಿದವನು ನಾನು.