ಎರವಲು ಮೂಗು

ಕಳೆದ ಮಳೆಗಾಲದಿಂದ ನಾನು ಬೆಳಗ್ಗೆ ಎದ್ದೊಡನೆ ಮಾಡುವ ಮೊದಲ ಕೆಲಸ ಲವಂಗದ ಡಬ್ಬಿಯೊಳಗೆ ಮೂಗು ಇಳಿಸುವುದು. ಆಮೇಲೆ ಕಾಫಿಪುಡಿ, ನಿಂಬೆಸಿಪ್ಪೆ, ಕಡೆಗೆ ಜೀರಿಗೆ. ಇದು ಯಾವ ವ್ರತವೂ ಅಲ್ಲ. ಒಂದು ಜ್ವರ ಬಂತು. ಹೋಗುವಾಗ ನನ್ನ ಮೂಗಿನ ಕಸುಬನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೂಗು ಇದ್ದಲ್ಲೇ ಇದೆ. ಕನ್ನಡಕ ಹೊರುತ್ತದೆ, ನೆಗಡಿಯಾದರೆ ಸುರಿಯುತ್ತದೆ. ವಾಸನೆ ಮಾತ್ರ ತಿಳಿಯುವುದಿಲ್ಲ. ನಮ್ಮೂರು ಕಡೂರಿನ ಡಾಕ್ಟರು, "ದಿನಾ ಮೂಸ್ತಾ ಇರಿ ಸಾರ್, ಬಂದ್ರೂ ಬರಬಹುದು" ಎಂದರು. ಖಂಡಿತ ಬರುತ್ತದೆ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. "ಬಂದ್ರೂ" ಎಂದದ್ದಕ್ಕೇ ನಂಬಿದೆ. ನನ್ನ ಸ್ವಭಾವ ಅಂಥದು.

ತರೀಕೆರೆಯ ಒಂದು ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಹೇಳಿಕೊಡುತ್ತೇನೆ. ಇಂದ್ರಿಯದ ಸುಖ ಕೆಳಗಿನ ಮೆಟ್ಟಿಲು, ವಿಚಾರದ ಸುಖ ಮೇಲಿನದು ಎಂದು ಎಷ್ಟೋ ವರ್ಷ ಹುಡುಗರಿಗೆ ಹೇಳಿದವನು. ಊಟ ಹೊಟ್ಟೆ ತುಂಬಿದಲ್ಲಿಗೆ ಮುಗಿಯಿತು, ಯೋಚನೆಗೆ ಅಂಥ ಮಿತಿಯಿಲ್ಲ ಎನ್ನುವುದು ನನ್ನ ವಾದ. ಜೊತೆಗೆ ನನಗೆ ಜನರೆಂದರೆ ಒಂದಿಷ್ಟು ಅಳುಕು. ಮದುವೆ ಮನೆಗಳಲ್ಲಿ ಮಾತು ಶುರುವಾದೊಡನೆ ನಾನು ಮೆಲ್ಲಗೆ ಹಿಂದಕ್ಕೆ ಸರಿದು ಅಡುಗೆಯವರ ಕಡೆ ಹೋಗಿ ನಿಂತುಬಿಡುತ್ತಿದ್ದೆ. "ಮೇಷ್ಟ್ರು ಏನೋ ಯೋಚ್ನೆ ಮಾಡ್ತಾವ್ರೆ, ಮಾತಾಡಿಸ್ಬೇಡಿ" ಎಂದು ಬಂಧುಗಳು ಪಿಸುಗುಟ್ಟುತ್ತಿದ್ದರು. ನಾನೂ ಹಾಗೆಂದೇ ತಿಳಿದಿದ್ದೆ.

ಮೂಗು ಹೋದ ಮೇಲೆ ನನ್ನ ವಾದಕ್ಕೆ ಒಳ್ಳೆಯ ಕಾಲ ಬಂದಿರಬೇಕಿತ್ತು. ಕೆಳಗಿನ ಮೆಟ್ಟಿಲೇ ಮುರಿದುಬಿದ್ದಿದೆ, ಇನ್ನು ಮೇಲೆಯೇ ವಾಸ. ವಿಶ್ವವಿದ್ಯಾನಿಲಯದ ದಿನಗಳಲ್ಲಿ ಕೊಂಡು ಓದದೆ ಉಳಿಸಿದ್ದ ದಪ್ಪ ಪುಸ್ತಕಗಳನ್ನು ಇಳಿಸಿಕೊಂಡೆ. ಪುಟ ತಿರುಗಿತು, ತಲೆಗೆ ಏನೂ ಇಳಿಯಲಿಲ್ಲ. ಬೀರೂರಿನಲ್ಲಿ ಒಂದು ಮದುವೆಗೆ ಹೋದಾಗ ಅಭ್ಯಾಸಬಲದಿಂದ ಅಡುಗೆಯವರ ಪಕ್ಕ ಹೋಗಿ ನಿಂತೆ. ಸಾಸಿವೆ ಸಿಡಿಯುವುದು ಕೇಳಿಸಿತು, ತುಪ್ಪ ಕರಗುವುದು ಕಾಣಿಸಿತು. ಯೋಚನೆ ಮಾತ್ರ ಒಂದೂ ಬರಲಿಲ್ಲ. ಬಾಗಿಲು ಹಾಕಿದ ಮನೆಯ ಜಗಲಿಯ ಮೇಲೆ ಕೂತಂತಾಯಿತು. ಆಗ ಹೊಳೆಯಿತು: ಇಷ್ಟು ವರ್ಷ ನಾನಲ್ಲಿ ಯೋಚಿಸುತ್ತಲೇ ಇರಲಿಲ್ಲ. ಒಗ್ಗರಣೆ, ಬೆವರು, ಮಲ್ಲಿಗೆ, ಹೊಸ ಪಂಚೆಯ ಗಂಜಿ, ಇವುಗಳ ಮೂಲಕ ಆ ಮದುವೆಯಲ್ಲಿ ಎಲ್ಲರ ಜೊತೆಗೂ ಇರುತ್ತಿದ್ದೆ. ಬಾಯಿ ಬಿಡಲಾರದವನ ಪರವಾಗಿ ಮೂಗು ಎಲ್ಲರನ್ನೂ ಮಾತಾಡಿಸಿಕೊಂಡು ಬರುತ್ತಿತ್ತು.

ನಮ್ಮ ಹಳೆಯ ತಾರ್ಕಿಕರು ಈ ವಿಷಯದಲ್ಲಿ ನನಗಿಂತ ಜಾಣರು. ಭೂಮಿಯನ್ನು ಯಾವುದರಿಂದ ಗುರುತಿಸಬೇಕು ಎಂದರೆ ವಾಸನೆಯಿಂದ ಎಂದರು. ಇದನ್ನು ಪಾಠ ಮಾಡುವಾಗಲೆಲ್ಲ ಹುಡುಗರು ನಗುತ್ತಾರೆ, ನಾನೂ ನಗುತ್ತಿದ್ದೆ. ಅವರೇ ಇನ್ನೊಂದು ಮಾತು ಹೇಳಿದ್ದಾರೆ: ನೆನಪು ಪ್ರಮಾಣವಲ್ಲ. ಕಂಡದ್ದು, ಊಹಿಸಿದ್ದು, ಕೇಳಿದ್ದು ಇವನ್ನೆಲ್ಲ ಸಾಕ್ಷಿಗೆ ಕರೆಯಬಹುದು. ನೆನಪನ್ನು ಕರೆಯುವ ಹಾಗಿಲ್ಲ. ಇದು ಎಷ್ಟು ನಿಜವೆಂದು ನನಗೆ ತೋರಿಸಿದವಳು ನನ್ನ ಹೆಂಡತಿ ಗಿರಿಜ.

ಒಂದು ಬೆಳಗ್ಗೆ ಕಾಫಿಪುಡಿ ಮೂಸುತ್ತಿದ್ದಾಗ ಘಮ್ಮೆಂದು ಬಂದಂತಾಯಿತು. ಕುಣಿಯುವುದೊಂದು ಬಾಕಿ. ಗಿರಿಜ ಟವೆಲಿನಿಂದ ನನ್ನ ಕಣ್ಣು ಕಟ್ಟಿ, ಮೂಗಿನ ಕೆಳಗೆ ಡಬ್ಬಿ ಹಿಡಿದು, "ಈಗ ಹೇಳಿ ನೋಡಾಣ" ಎಂದಳು. ಉಸಿರೆಳೆದು, "ಕಾಫಿ. ಒಳ್ಳೆ ಪುಡಿ" ಎಂದೆ.

"ಖಾಲಿ ಡಬ್ಬಿ ಕಣ್ರೀ. ನಿನ್ನೆ ತೊಳೆದಿಟ್ಟಿದ್ದು."

ಅಲ್ಲಿಂದ ಮುಂದೆ ನನ್ನ ಮೂಗಿಗಿಂತ ನನ್ನ ನೆನಪಿನ ಮೇಲೆಯೇ ನನಗೆ ಹೆಚ್ಚು ಗುಮಾನಿ. ಮೂಗು ಪಾಪ, ಗೊತ್ತಿಲ್ಲ ಎಂದು ಸುಮ್ಮನಿರುತ್ತದೆ. ನೆನಪು ಗೊತ್ತಿಲ್ಲದ್ದನ್ನೂ ಗೊತ್ತೆಂದು ಹೇಳಿಬಿಡುತ್ತದೆ. ಆದರೂ ಡಬ್ಬಿಗಳನ್ನು ಬಿಡಲಿಲ್ಲ. ಸೋಲನ್ನು ಒಪ್ಪಿಕೊಳ್ಳಲು ಸಾಕಷ್ಟು ಆಧಾರ ಬೇಕು. ಅದಿನ್ನೂ ಸಿಕ್ಕಿಲ್ಲ ಎಂದು ಹಟ ಹಿಡಿದೆ.

ಹೀಗಿರುವಾಗ ಮಾಗಿ ಬಂತು, ಭಾವಮೈದ ಬಸವರಾಜನ ಫೋನೂ ಬಂತು. "ಭಾವ, ಅವರೆ ಕಾಯಿ ಕಟ್ಟೈತೆ. ಇಬ್ಬನಿ ಚೆನ್ನಾಗಿ ಬೀಳ್ತಾ ಐತೆ. ಬಂದ್ಬಿಡಿ."

ಇದರ ಹಿಂದೆ ಒಂದು ಪದ್ಧತಿಯಿದೆ. ಗಿರಿಜಳ ತವರು ಅಜ್ಜಂಪುರದ ಹತ್ತಿರದ ಹಳ್ಳಿ. ರಾಗಿ ಕುಯ್ದ ಮೇಲೆ ಹೊಲದಲ್ಲಿ ಅವರೆ ಸಾಲುಗಳು ಉಳಿಯುತ್ತವೆ. ಇಬ್ಬನಿ ಆರುವ ಮೊದಲು ಸಾಲಿನಲ್ಲಿ ನಡೆಯುತ್ತ ಕಾಯಿ ಮೂಸಬೇಕು. ಯಾವ ಗಿಡದಲ್ಲಿ ಸೊಗಡು ಹೆಚ್ಚೋ ಅದಕ್ಕೆ ಹಳೆ ಸೀರೆಯ ಚೂರು ಕಟ್ಟಬೇಕು. ಬಟ್ಟೆ ಕಟ್ಟಿದ ಗಿಡದ ಕಾಯನ್ನು ಯಾರೂ ಕೀಳುವಂತಿಲ್ಲ, ಅದು ಬೀಜಕ್ಕೆ. ಈ ಕೆಲಸ ಮೊದಲು ನಮ್ಮ ಅತ್ತೆಯದು. ಅವರು ಹೋದ ಮೇಲೆ, ಯಾಕೋ ಏನೋ, ಅದು ನನ್ನ ಪಾಲಿಗೆ ಬಂತು. ಹೊಲದ ವಿಚಾರದಲ್ಲಿ ಆ ಮನೆಯವರು ನನ್ನನ್ನು ನಂಬುತ್ತಿದ್ದದ್ದು ಇದೊಂದಕ್ಕೇ. ತಪ್ಪು ಗಿಡಕ್ಕೆ ಬಟ್ಟೆ ಬಿದ್ದರೆ ಅತ್ತೆ ಕಾಪಾಡಿಕೊಂಡು ಬಂದ ತಳಿ ನನ್ನ ಕೈಯಲ್ಲಿ ಕೆಡುತ್ತದೆ. ಅದಕ್ಕಿಂತ ಮೊದಲು ನನ್ನ ಮರ್ಯಾದೆ ಕೆಡುತ್ತದೆ.

"ಮೂಗಿಲ್ಲ ಅಂತ ಹೇಳ್ಬಿಡ್ರೀ" ಎಂದಳು ಗಿರಿಜ.

"ಹೋಗಿ ಮೂಸಿ ನೋಡ್ತೀನಿ. ಬರಲಿಲ್ಲ ಅಂದ್ರೆ ಅಲ್ಲೇ ಹೇಳ್ತೀನಿ."

"ಅಲ್ಲೇ ಹೇಳ್ತೀರೋ, ಸುಮ್ನೆ ಕಟ್ಟಿಸಿ ಬತ್ತೀರೋ?"

ಸಂಜೆ ಒಬ್ಬನೇ ಹೊರಟು ಹಳ್ಳಿ ಸೇರಿದೆ. ಮಾರನೆಯ ಬೆಳಗ್ಗೆ ಹೊಲದಲ್ಲಿ ನಾನು ಮುಂದೆ, ಹೆಗಲ ಮೇಲೆ ಸೀರೆಚೂರು ಹಾಕಿಕೊಂಡ ಬಸವರಾಜ ಹಿಂದೆ. ಗಿಡದಿಂದ ಗಿಡಕ್ಕೆ ಬಗ್ಗಿದೆ. ಕಾಯಿ ತಣ್ಣಗಿತ್ತು, ಬೆರಳಿಗೆ ಜಿಗುಟಾಗಿ ಅಂಟಿತು. ಮೂಗಿಗೆ ತೇವ ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಬದುವಿನ ಪಕ್ಕದ ಸಾಲಿಗೆ ಬಂದಾಗ ನೆನಪು ತಾನಾಗಿ ಸಾಕ್ಷಿ ಹೇಳಲು ಬಂತು: ಹೋದ ಸಲವೂ ಇಲ್ಲೇ ಚೆನ್ನಾಗಿತ್ತು, ಕಟ್ಟಿಸು. ಹೋದ ಸಲ ಬದುವಿನ ಪಕ್ಕವೋ, ಬೇವಿನ ಮರದ ಪಕ್ಕವೋ? ಕಟ್ಟಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮುಂದಿನ ವರ್ಷ ಕುದಿಯುವ ಅವರೆ ಸಾರಿಗೆ ಬಿಟ್ಟರೆ.

"ಏನ್ ಭಾವ, ಈ ಸಲ ಒಂದಕ್ಕೂ ಬಟ್ಟೆ ಕಟ್ಟಿಸ್ತಿಲ್ವಲ್ಲ. ಬೆಳೆ ಅಷ್ಟು ಕೆಟ್ಟೈತಾ?"

"ಬೆಳೆ ಅಲ್ಲ ಕಣೋ, ಕೆಟ್ಟಿರೋದು ನನ್ನ ಮೂಗು. ಜ್ವರ ಬಂದಾಗಿಂದ ಏನೂ ಗೊತ್ತಾಗ್ತಿಲ್ಲ."

ಅವನು ನಕ್ಕ. ನಾನು ನಗದೆ ಇದ್ದದ್ದು ನೋಡಿ ನಿಲ್ಲಿಸಿದ. "ಮತ್ತೆ ಅರ್ಧ ಹೊಲ ಮೂಸ್ಕಂಡು ಬಂದ್ರಲ್ಲ?"

"ಬರ್ತದೇನೋ ಅಂತ ನೋಡ್ದೆ."

"ಅಕ್ಕ ಒಂದ್ ಮಾತೂ ಹೇಳ್ಲಿಲ್ಲ ನೋಡಿ." ಪಕ್ಕದ ಗಿಡದ ಕಾಯೊಂದನ್ನು ಮೂಗಿಗೆ ತಂದುಕೊಂಡ. "ನಾನೇ ಮೂಸ್ಬೋದು. ಆದ್ರೆ ನನ್ದು ಬೀಡಿ ಮೂಗು. ನಂಗೆ ಎಲ್ಲಾ ಗಿಡನೂ ಒಂದೇ."

ವಾಪಸ್ಸು ಹೋಗೋಣ ಎನ್ನಬಹುದಿತ್ತು. ಆದರೆ ಒಂದು ಗಿಡಕ್ಕಾದರೂ ಕಟ್ಟದೆ ಆ ಹೊಲದಿಂದ ಹೊರಡುವುದಿಲ್ಲ ಎಂದು ನಿಶ್ಚಯಿಸಿದೆ. ಮೂಗಿಲ್ಲದಿದ್ದರೂ ತಲೆ ಇತ್ತು. ನಾನು ಹೇಗೆ ಮೂಸುತ್ತಿದ್ದೆ ಎಂದು ಮೊದಲ ಬಾರಿಗೆ ಯೋಚಿಸಿದೆ. ಇದೂ ನೆನಪೇ; ಆದರೆ ಇದನ್ನು ಸುಮ್ಮನೆ ನಂಬಬೇಕಿರಲಿಲ್ಲ, ಅಲ್ಲೇ ಬಸವರಾಜನ ಮೂಗಿನಿಂದ ಪರೀಕ್ಷಿಸಬಹುದಿತ್ತು.

"ಕಾಯಿ ಉಜ್ಜು. ಈಗಲೇ ಮೂಸಬೇಡ. ಮೊದಲು ಬರೋದು ಸೊಪ್ಪಿನ ವಾಸನೆ. ಬೆರಳು ಆರಲಿ. ಹೂಂ, ಈಗ. ಏನು ಬಂತು?"

"ಹಸಿರು ವಾಸ್ನೆ ಭಾವ."

"ಹಸಿರು ಬಣ್ಣ ಕಣೋ, ವಾಸನೆ ಹೇಳು. ಕರಿಬೇವಿನ ಕಡೆಗಿದೆಯಾ, ತುಪ್ಪದ ಕಡೆಗಿದೆಯಾ?"

"ಕಾಲೇಜಲ್ಲೂ ಹಿಂಗೇ ಹುಡುಗ್ರ ಪ್ರಾಣ ತೆಗೀತೀರಾ?" ಎಂದವನು ಮುಂದಿನ ಗಿಡದಲ್ಲಿ ತಟಕ್ಕನೆ ನಿಂತ. ಬೆರಳನ್ನು ಮೂಗಿನಿಂದ ತೆಗೆಯಲಿಲ್ಲ. "ಇದು ಬೇರೆ ಐತೆ. ಅವ್ವ ಅವರೆ ಸುಲಿದು ಎದ್ದಾಗ ಅವಳ ಸೆರಗು ಹಿಂಗೇ ಇರ್ತಿತ್ತು."

"ಕಟ್ಟು ಅದಕ್ಕೆ" ಎಂದೆ.

ಇಬ್ಬನಿ ಆರುವವರೆಗೂ ಕಟ್ಟಿದೆವು, ಜಗಳವಾಡಿದೆವು, ಒಂದೆರಡು ಕಡೆ ಕಟ್ಟಿದ್ದನ್ನು ಬಿಚ್ಚಿದೆವು. ಇಷ್ಟು ವರ್ಷದಲ್ಲಿ ನಾನೂ ಬಸವರಾಜನೂ ಅಷ್ಟೊಂದು ಮಾತಾಡಿರಲಿಲ್ಲ. ಒಂದು ಗಿಡದ ಹತ್ತಿರ ನನಗೇ ಏನೋ ಸುಳಿದಂತಾಯಿತು. ತಕ್ಷಣ ಅವನನ್ನು ಕರೆದು ಮೂಸಿಸಿದೆ. "ಪರ್ವಾಗಿಲ್ಲ, ಅಂಥಾದ್ದೇನಿಲ್ಲ" ಎಂದ. ನೆನಪಿನ ಆಟವಿರಬೇಕು. ಅಥವಾ ಅವನದು ಬೀಡಿ ಮೂಗಲ್ಲವೇ? ಈ ಪ್ರಶ್ನೆಯನ್ನು ನಾನಿನ್ನೂ ಕೈಬಿಟ್ಟಿಲ್ಲ. ಮುಂದಿನ ಮಾಗಿಗೆ ಅದೇ ಸಾಲಿನಲ್ಲಿ ನಿಂತು ತೀರ್ಮಾನಿಸುತ್ತೇನೆ. ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಎಂಬ ಪಾಠವನ್ನು ಮಾತ್ರ ನಿಲ್ಲಿಸಿದ್ದೇನೆ. ಆ ಬೆಳಗ್ಗೆ ನಾನು ಯಾವ ಮೆಟ್ಟಿಲ ಮೇಲಿದ್ದೆನೆಂದು ಹೇಳಲಾರೆ, ಸುಖವಾಗಿದ್ದೆನೆಂದು ಹೇಳಬಲ್ಲೆ.

ಮಧ್ಯಾಹ್ನ ಮನೆಗೆ ಹೊರಟು ಕಡೂರಿನ ಬಸ್ಸು ಹತ್ತಿದೆ, ಮಡಿಲಲ್ಲಿ ಬಸವರಾಜ ತುಂಬಿಕೊಟ್ಟ ಅವರೆ ಚೀಲ. ಬಸ್ಸಿನಲ್ಲಿ ಯಾರೂ ಮಾತಾಡಿಸದಿರಲಿ ಎಂದು ಕಿಟಕಿಯ ಕಡೆ ತಿರುಗಿ ಕೂರುವವನು ನಾನು. ಪಕ್ಕದಲ್ಲಿ ಕೂತಿದ್ದ ಮುದುಕಿ ಚೀಲ ನೋಡಿ, "ಯಾವೂರ ಅವರೆಕಾಯಪ್ಪಾ ಇದು? ಬಸ್ಸೆಲ್ಲಾ ಗಮ್ ಅಂತೈತೆ" ಎಂದಿತು.

ಚೀಲದ ಬಾಯಿ ಬಿಚ್ಚಿ ಅಜ್ಜಿಯ ಕಡೆ ಹಿಡಿದೆ. "ಗಮ್ ಅಂದ್ರೆ ಹೆಂಗಮ್ಮ? ನನ್ನ ಮೂಗು ಕೆಟ್ಟಿದೆ. ಸ್ವಲ್ಪ ಬಿಡಿಸಿ ಹೇಳಿ."

ಅಜ್ಜಿ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡು ಶುರುಮಾಡಿತು. ಬೀರೂರು ದಾಟಿದರೂ ಮುಗಿದಿರಲಿಲ್ಲ; ನಡುವೆ ಒಂದೆರಡು ಕಡೆ ನಾನೇ ತಡೆದು, ಮತ್ತೆ ಹೇಳಿಸಿಕೊಂಡೆ.