ಸುಜಾತಾಳ ಬಾಟಲಿಯ ಹುಳಗಳು

ಸುಜಾತಾ, ನಿನ್ನ ಬಾಟಲಿಯ ಹುಳಗಳನ್ನು ಬದಲಿಸಿದವನು ನಾನು. ನಿನಗೆ ಪ್ರಾಣಿಶಾಸ್ತ್ರ ಕಲಿಸಿದ ನಾನೇ.

ಎಪ್ಪತ್ತರ ದಶಕದ ಕೊನೆ. ಶಿಗ್ಗಾಂವದ ಕಾಲೇಜಿನಲ್ಲಿ ನೀನು ಬಿ.ಎಸ್ಸಿ. ಓದುತ್ತಿದ್ದೆ. ಬಂಕಾಪುರದ ಕೋಟೆಯ ಕಂದಕದಲ್ಲಿ, ಕೊಳೆತ ಜಾಲಿಯ ತೊಗಟೆಯಡಿಯಿಂದ ಆರು ಜೀರುಂಡೆ ತಂದೆ. ಮುಟ್ಟಿದರೆ ತಗ್ಗುವ ಮೆದು ಮೈ, ಅರ್ಧ ಬೆನ್ನನ್ನಷ್ಟೇ ಮುಚ್ಚುವ ರೆಕ್ಕೆ. ಯಾವ ಕುಟುಂಬಕ್ಕೆ ಸೇರಿಸಬೇಕೆಂದು ಬಲ್ಲವರಲ್ಲೇ ಜಗಳವಿದ್ದ ಗುಂಪು ಅದು. ನೀನು ಕಾಲಿನ ಗಿಣ್ಣುಗಳನ್ನೂ ಎಣಿಸಿ ಚಿತ್ರ ತೆಗೆದೆ. ನಾನು ಅಂಚೆಯಲ್ಲಿ ಕಳಿಸಿದ ಆ ಚಿತ್ರವನ್ನು ದೂರದ ತಜ್ಞರೊಬ್ಬರು ನೋಡಿ, ಹುಳ ಕಳಿಸಿ, ನಿಜವಾದರೆ ಹುಡುಗಿಯನ್ನು ಮುಂದೆ ಓದಿಸುತ್ತೇನೆ ಎಂದು ಬರೆದರು. ರಜೆ ಮುಗಿದ ಮೇಲೆ ಕಳಿಸೋಣವೆಂದು, ಹುಳ ಕೆಡದಂತೆ ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಕಾಲೇಜಿನಲ್ಲೇ ಇಟ್ಟೆವು.

"ಬ್ಯಾಸಗಿ ರಜಾದಾಗ ಸ್ಪಿರಿಟ್ ಆರತೈತ್ರಿ ಸರ್, ಸ್ವಲ್ಪ ಹಾಕ್ತಿರ್ರಿ," ಎಂದು ಹೇಳಿ ನೀನು ಊರಿಗೆ ಹೋದೆ. ಮರೆತೆ ಎನ್ನಲೂ ನನಗೆ ನಾಚಿಕೆ — ಹಾನಗಲ್ಲಿನ ಮಾವನ ಮನೆಯಲ್ಲಿ ಹಣ್ಣು ತಿನ್ನುತ್ತ ಬಿದ್ದಿದ್ದೆ. ಬಂದು ನೋಡಿದರೆ ಬಾಟಲಿಯ ತಳದಲ್ಲಿ ಕರಿ ಪುಡಿ.

ನಿನಗೆ ಹೇಳಬಹುದಿತ್ತು. ನೀನೇನು ಬೈಯುತ್ತಿರಲಿಲ್ಲ. ಆದರೆ ತಜ್ಞರಿಗೆ ಏನೆಂದು ಬರೆಯಲಿ — ನಮ್ಮದು ವಿದ್ವಾಂಸರ ಮನೆತನ ಬೇರೆ, ಥೂ! ಬೇಲಿಯ ಹೂವಿನ ಮೇಲೆ ಹೆಚ್ಚುಕಮ್ಮಿ ಅಂಥವೇ ಆರು ಹುಳ ಹಿಡಿದೆ. ನಿನ್ನ ಕೈಬರಹದ ಚೀಟಿಯೊಡನೆ ಅಂಚೆಗೆ ಹಾಕಿದೆ. ಯಾರಿಗೆ ಗೊತ್ತಾದೀತು ಎಂದು...

ಗೊತ್ತಾಯಿತು. ಇವು ಎಲ್ಲೆಡೆ ಸಿಗುವ ಹುಳ, ಚಿತ್ರ ಬರೀ ಕಲ್ಪನೆ ಎಂದು ಉತ್ತರ ಬಂತು. ಆ ಕಾಗದವನ್ನು ನೀನು ನನ್ನ ಮೇಜಿನ ಮೇಲಿಟ್ಟೆ.

"ನಾ ಕಂಡಿದ್ದನ್ನ ತೆಗದೇನ್ರಿ ಸರ್."

"ತಪ್ಪಾಗಿರಬೇಕು, ಬಿಡವಾ," ಎಂದೆ.

ಮರುವರ್ಷ ನೀನು ಕಾಲೇಜಿನತ್ತ ಸುಳಿಯಲಿಲ್ಲ. ನಾನು ಪ್ರತಿ ಮಳೆಗಾಲ ಆ ಕಂದಕದಲ್ಲಿ ತೊಗಟೆ ಎಬ್ಬಿಸುತ್ತ ಅಲೆದೆ. ಒಂದಾದರೂ ಸಿಕ್ಕಿದ್ದರೆ! ಆಮೇಲೆ ಜಾಲಿಯನ್ನೂ ಕಡಿದರು. ನಿನ್ನ ಮಾತು ನಿಜವೆಂದು ತೋರಿಸಲು ನನ್ನಲ್ಲಿ ಏನೂ ಉಳಿಯಲಿಲ್ಲ — ಬಾಯೊಂದನ್ನು ಬಿಟ್ಟು. ಅದನ್ನೂ ತೆರೆಯಲಿಲ್ಲ.

ಎಷ್ಟೋ ವರ್ಷದ ಮೇಲೆ ಶಿಗ್ಗಾಂವದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕೆ. ಹುಲಗೂರಿಗೆ ಕೊಟ್ಟಿದ್ದರಂತೆ, ಹೊಲಮನೆ ನೋಡಿಕೊಂಡಿದ್ದೆಯಂತೆ. ನಾನು ಕೇಳದಿದ್ದರೂ ನೀನೇ ಆ ಮಾತು ತೆಗೆದೆ.

"ಆವಾಗ ನನ್ನ ಕಣ್ಣಿಗೆ ಏನ್ ಕಂಡಿತ್ತೋ ಏನೋರಿ ಸರ್. ನಿಮ್ಮ ಹೆಸರಿಗೂ ಕುಂದು ತಂದೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ನೀನು ಕೈಮುಗಿದೆ, ಸುಜಾತಾ. ನಾನೋ — ಇರಲಿ ಬಿಡವಾ ಎಂದು ನಿನ್ನನ್ನು ಕ್ಷಮಿಸಿ, ಬಸ್ಸು ಹತ್ತಿದೆ.