ಹಲಗೆಯ ಮೇಲಿನ ಆರು ಹೆಸರು

ಮೊನ್ನೆ ಪ್ಯಾಂಟೊಂದನ್ನು ಗಿಡ್ಡ ಮಾಡಿಸಲು ಕುಷ್ಟಗಿಯ ಹಳೆಯ ಟೇಲರ್ ಅಂಗಡಿಗೆ ಹೋಗಿದ್ದೆ. ವಯಸ್ಸಾದಂತೆ ನಾನು ಕುಗ್ಗುತ್ತಿದ್ದೇನೋ, ಪ್ಯಾಂಟೇ ಬೆಳೆಯುತ್ತಿದೆಯೋ ತಿಳಿಯದು. ಟೇಲರ್ ಶಂಕ್ರಪ್ಪನ ಮಗ ಮಲ್ಲಣ್ಣ ನೀಲಿ ಚಾಕಿನ ಬಿಲ್ಲೆಯಿಂದ ಬಟ್ಟೆಯ ಮೇಲೆ ಗೆರೆ ಎಳೆದ. ಅದನ್ನು ನೋಡಿ ನನಗೆ ವಾಲಿಬಾಲ್ ನೆನಪಾಯಿತು ಎಂದರೆ ನೀವು ನಗುತ್ತೀರಿ. ನಕ್ಕು ಮುಗಿಸಿ, ಆಮೇಲೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಮ್ಮದು ರಾಯಚೂರು ಜಿಲ್ಲೆ. ಸುಗ್ಗಿ ಮುಗಿದರೆ ಸಾಕು, ತಾವರಗೇರಾ, ಯಲಬುರ್ಗಾ, ಗಂಗಾವತಿ, ಕಾರಟಗಿ ಎಲ್ಲ ಕಡೆ ಟೂರ್ನಮೆಂಟು. ಊರಿನವರು ಸಾಲದೆಂದು ಹೊರಗಿನ ಆಟಗಾರರನ್ನು ಕರೆಸುತ್ತಿದ್ದರು. ಬಸ್ಸಿನ ಖರ್ಚು, ಊಟ, ಕೈಗೊಂದಿಷ್ಟು ರೊಕ್ಕ. ಹಾಗೆ ಕರೆಸಿಕೊಂಡವರಲ್ಲಿ ನಾನೂ ಒಬ್ಬ. ನಾನು ಲಿಫ್ಟರ್, ಅಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು. ಚಪ್ಪಾಳೆಯೆಲ್ಲ ಹೊಡೆದವನಿಗೆ.

ಹಂಗಾಮು ಮುಗಿದ ಮೇಲೆ ಒಂದು ಭಾನುವಾರ ನಾವೆಲ್ಲ ಶಂಕ್ರಪ್ಪನ ಅಂಗಡಿಯ ಕಟ್ಟೆಗೆ ಸೇರಿ, ಮಿರ್ಚಿ ಭಜಿ ತಿನ್ನುತ್ತ, ಆ ವರ್ಷದ ಆರು ಮಂದಿ ಉತ್ತಮ ಆಟಗಾರರನ್ನು ಆರಿಸುತ್ತಿದ್ದೆವು. ಶಂಕ್ರಪ್ಪನದೊಂದು ಕಟ್ಟುನಿಟ್ಟಿನ ನಿಯಮ: ಯಾವ ಆಟಗಾರನನ್ನೂ ಅವನ ತಂಡದವರೇ ಹೊಗಳುವಂತಿಲ್ಲ. ಅವನ ಎದುರು ಆಡಿ ಸೋತವನೇ ಹೊಗಳಬೇಕು. ಹಾಗೆ ಗೆದ್ದ ಹೆಸರನ್ನು ಶಂಕ್ರಪ್ಪ ಚಾಕಿನಿಂದ ಅಂಗಡಿಯ ಬಾಗಿಲ ಹಲಗೆಯ ಒಳಮೈಗೆ ಬರೆಯುತ್ತಿದ್ದ. ಮುಂದಿನ ವರ್ಷ ಯಾರನ್ನು ಕರೆಸಬೇಕೆಂದು ಊರೂರಿನವರು ಬಂದು ಆ ಹಲಗೆ ನೋಡಿ ಹೋಗುತ್ತಿದ್ದರು.

ಆ ವರ್ಷ ಐದು ಹೆಸರಿಗೆ ಮಧ್ಯಾಹ್ನವೆಲ್ಲ ಕಳೆಯಿತು.

"ಎತ್ತರಕ್ಕ ಜಿಗದ್ರ ಆತೇನ್ರಿ? ಚೆಂಡು ಗೆರಿ ಒಳಗ ಬೀಳಬೇಕಲ್ಲ" ಎಂದು ಒಬ್ಬ ಎದ್ದು ನಿಂತೇ ಜಗಳಾಡಿದ.

ಉಳಿದದ್ದು ಲಿಫ್ಟರ್. ನಮ್ಮ ಕೈಲಿ ಸೋತಿದ್ದ ಯಲಬುರ್ಗಾದವನೊಬ್ಬ ನನ್ನ ಹೆಸರು ಹೇಳಿದ. ನಾನು ನಾಚಿಕೊಂಡವನಂತೆ ಚಹಾದ ಬಸಿಯನ್ನೇ ನೋಡುತ್ತ ಕೂತೆ. ನಾಚಿಕೆ ಏನೂ ಇರಲಿಲ್ಲ, ಬರೆದರೆ ಸಾಕಾಗಿತ್ತು.

ಶಂಕ್ರಪ್ಪ ನನ್ನ ಕಡೆ ತಿರುಗಿದ. "ಕಾರಟಗಿ ಹನುಮಂತ ಉಳದಾ ನೋಡು. ತಾವರಗೇರಾದಾಗ ಫೈನಲ್ ಅವನ ಕೈಯಾಗ ಸೋತಾಂವ ನೀ. ಹೆಂಗ ಆಡಿದಾ, ಹೇಳಪಾ."

ಹನುಮಂತನೂ ಲಿಫ್ಟರ್, ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ರಜೆ ಸಿಗದೆ ಅಂದು ಬಂದಿರಲಿಲ್ಲ. ಕ್ವಿಂಟಲ್ ಚೀಲ ಹೊರುವ ಕೈ ಚೆಂಡನ್ನು ಸಪ್ಪಳವಿಲ್ಲದೆ ಎತ್ತುತ್ತಿತ್ತು. ಯಾರ ಕಡೆ ಹೋಗುತ್ತದೆಂದು ಫೈನಲ್‌ನಲ್ಲಿ ನನಗೆ ಒಮ್ಮೆಯೂ ತಿಳಿಯಲಿಲ್ಲ. ಅವನು ನನಗಿಂತ ದೊಡ್ಡ ಆಟಗಾರ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಛಲೋ ಆಡ್ತಾನ," ಎಂದೆ. "ಆದ್ರ..."

ಮುಂದೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಉಳಿದದ್ದನ್ನು ಕೂತವರೇ ತುಂಬಿಕೊಂಡರು. ಶಂಕ್ರಪ್ಪ ಒಂದು ಗಳಿಗೆ ನನ್ನನ್ನು ನೋಡಿ, ನನ್ನ ಹೆಸರು ಬರೆದ.

ಮುಂದಿನ ಹಂಗಾಮಿಗೆ ನನಗೆ ನಾಲ್ಕು ಊರಿನಿಂದ ಕರೆ ಬಂತು. ಹನುಮಂತನನ್ನು ಹೊರಗಿನ ಒಂದು ಊರೂ ಕರೆಯಲಿಲ್ಲ. ಯಾವುದೋ ಮದುವೆಗೆ ಕುಷ್ಟಗಿಗೆ ಬಂದವನು ಅಂಗಡಿಗೂ ಬಂದ. ನಾನು ಅಲ್ಲೇ ಇದ್ದೆ. ಹಲಗೆಯ ಮೇಲೆ ಬೆರಳಿಟ್ಟು ಆರೂ ಹೆಸರು ಓದಿದ.

"ಸರಿ ಬರದೀರಿ ಬಿಡ್ರಿ," ಎಂದ. "ಈ ಅಣ್ಣಾರ ಎದುರು ಆಡೂದು ಭಾಳ ಕಷ್ಟ ಐತಿ. ತಾವರಗೇರಾದಾಗ ನಾವು ಗೆದ್ದಿದ್ದ ಹೆಚ್ಚು."

ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಆಗಲೂ ಬಾಯಿ ಬಿಡಲಿಲ್ಲ. ಎರಡು ವರ್ಷದ ಮೇಲೆ ಅವನು ಆಟ ಬಿಟ್ಟನೆಂದು ಕೇಳಿದೆ.

ಅಂಗಡಿಗೆ ಈಗ ಶಟರ್ ಬಂದಿದೆ. ಹಳೆಯ ಹಲಗೆಗಳು ಬಟ್ಟೆ ಕತ್ತರಿಸುವ ಮೇಜಾಗಿವೆ. ಗೆರೆ ಎಳೆದು ಮುಗಿಸಿದ ಮಲ್ಲಣ್ಣ ಕೇಳಿದ: "ನಿಮ್ಮಂಥಾ ಲಿಫ್ಟರ್ ಈ ಕಡಿ ಇರಲಿಲ್ಲಂತ ಅಪ್ಪ ಹೇಳ್ತಿದ್ದ. ಖರೇನ್ರಿ?"

"ಕಾರಟಗಿ ಹನುಮಂತ ಅಂತ ಇದ್ದ," ಎಂದೆ. "ನನಗಿಂತ ಛಲೋ ಆಡ್ತಿದ್ದ."

ಇನ್ನೇನೋ ಹೇಳುವೆನೆಂದು ಮಲ್ಲಣ್ಣ ಬಿಲ್ಲೆ ಹಿಡಿದುಕೊಂಡೇ ಕಾದ.

"ಅಷ್ಟ," ಎಂದೆ.

ಬರುವಾಗ ಬಸ್ ನಿಲ್ದಾಣಕ್ಕೆ ಹೋಗಿ, ಕಾರಟಗಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿಕೊಂಡು ಬಂದೆ.